ಯಾರನ್ನು ಕೇಳಬೇಕು

ಶಾಲು ಹೊದಿಸಲು ಬಂದಾಗ ಎದ್ದು ನಿಲ್ಲಬೇಕೋ ಕೂತೇ ಇರಬೇಕೋ ಎಂಬುದು ರಾಚವ್ವನಿಗೆ ಬೆಳಗಿನಿಂದ ಬಗೆಹರಿದಿರಲಿಲ್ಲ. ಉಗರಗೋಳದಿಂದ ಸವದತ್ತಿಗೆ ಬರುವ ಬಸ್ಸಿನಲ್ಲಿ ಪಕ್ಕದಲ್ಲೇ ಕೂತಿದ್ದ ಅನ್ವರಬಿಯನ್ನು ಕೇಳಬಹುದಿತ್ತು. ಮಹಿಳಾ ಸಂಘದ ಕಾರ್ಯದರ್ಶಿಯಾದ ಅವಳು ಇಂಥ ಸಭೆಗಳನ್ನು ಸಾಕಷ್ಟು ಕಂಡವಳು. ಆದರೆ ಅದೇ ಸಂಘದ ಅಧ್ಯಕ್ಷಿಣಿಯಾದ ತಾನು ಇಂಥದ್ದನ್ನೆಲ್ಲ ಕೇಳಿದರೆ ಏನು ಚೆಂದ ಅನ್ನಿಸಿ ಸುಮ್ಮನಾಗಿದ್ದಳು. ಹಿಂದಿನ ಸೀಟಿನಲ್ಲಿ ಸೊಸೆ ಭಾಗ್ಯಾ ಕೂತಿದ್ದಳು, ಅವಳ ತೊಡೆಯ ಮೇಲೆ ಮೊಮ್ಮಗಳು ಮಧು. ಎರಡು ವರ್ಷ ತುಂಬಲು ಬಂದಿದ್ದ ಮಗು ಬಸ್ಸು ಎಷ್ಟು ಕುಲುಕಿದರೂ ಅಳಲಿಲ್ಲ, ಕಿಟಕಿಯಾಚೆ ಎಮ್ಮೆ ಕಂಡರೂ ಬೆರಳು ತೋರಿಸಲಿಲ್ಲ. ಬಲು ಶಾಂತ ಕೂಸು ಎಂದು ಕಂಡಕ್ಟರನೂ ಮೆಚ್ಚಿದ. ನಮ್ಮ ಮನೆತನದ ಕೂಸು ಹಾಗೆಯೇ ಎಂದು ರಾಚವ್ವ ಹಿಂದಕ್ಕೆ ತಿರುಗದೆ ಹೇಳಿದಳು. ಅನ್ವರಬಿ ಕಿಟಕಿಯ ಕಡೆ ನೋಡಿದಳು. ಹಿಂದೊಮ್ಮೆ ಅವಳು, ಕೂಸು ಯಾಕೋ ಸಣ್ಣಗಾಗಿದೆಯಲ್ಲ ಅಕ್ಕಾ, ಎಂದಿದ್ದು ರಾಚವ್ವನಿಗೆ ನೆನಪಿತ್ತು. ಆಮೇಲೆ ಎಂಟು ದಿನ ತಾನು ಅವಳ ಮನೆಯ ಕಡೆ ಹಾಯ್ದಿರಲಿಲ್ಲ.

ಸಭಾಭವನದಲ್ಲಿ ಫ್ಯಾನುಗಳು ತಿರುಗುತ್ತಿದ್ದವು, ಗಾಳಿ ಮಾತ್ರ ಬರುತ್ತಿರಲಿಲ್ಲ. ಬೆಳಗಾವಿಯಿಂದ ಬಂದ ಅಧಿಕಾರಿ ಇನ್ನೂ ಎಳೆ ವಯಸ್ಸಿನ ಹೆಣ್ಣುಮಗಳು. ಯಾವ ಮನೆಯಲ್ಲಿ ಹೆಣ್ಣಿನ ಮಾತು ನಡೆಯುತ್ತದೋ ಆ ಮನೆಯ ಮಕ್ಕಳು ಗಟ್ಟಿಮುಟ್ಟಾಗಿರುತ್ತಾರೆ, ಜಡ್ಡು ಬಿದ್ದರೂ ಬೇಗ ಏಳುತ್ತಾರೆ, ಇದನ್ನು ಸರಕಾರದವರು ಊರೂರು ತಿರುಗಿ ಕೇಳಿ ತಿಳಿದುಕೊಂಡಿದ್ದಾರೆ ಎಂದು ಹೇಳಿ, ಉದಾಹರಣೆಗೆ ಇಲ್ಲಿಯೇ ಒಬ್ಬರಿದ್ದಾರೆ ಎಂದು ರಾಚವ್ವನ ಕಡೆ ಕೈ ಮಾಡಿದರು. ಮನೆಯಲ್ಲಿ ಏನು ಅಡುಗೆ ಆಗಬೇಕೆಂದು ಹೇಳುವವರು ಯಾರು ಎಂದು ಕೇಳಿದರು. ರಾಚವ್ವ ಮೈಕಿಗೆ ಬಾಯಿ ಹಚ್ಚಿ, "ನಾನರಿ" ಅಂದಳು. ಸಂತೆ? ಅದೂ ನಾನೇ. ಮಕ್ಕಳಿಗೆ ಮೈಯಲ್ಲಿ ಆರಾಮಿಲ್ಲದಾಗ ದವಾಖಾನೆಗೆ ಹೋಗಬೇಕೋ ಬೇಡವೋ ಅನ್ನುವುದು? ಈ ಸಲದ "ನಾನರಿ" ಸಭಾಭವನದ ಮೂಲೆ ಮೂಲೆಗೂ ಬಡಿದು ತಿರುಗಿ ಬಂತು, ಅವಳಿಗೇ ಹೆದರಿಕೆಯಾಗುವಷ್ಟು. ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ಮೂವತ್ತು ವರ್ಷ ಆ ಮನೆಯಲ್ಲಿ ಸಾರಿಗೆ ಉಪ್ಪು ಎಷ್ಟು ಹಾಕಲಿ ಎಂದು ಕೇಳಿಯೇ ಹಾಕಿದವಳು ಇವಳು ಎಂದು ಚಪ್ಪಾಳೆ ತಟ್ಟುವವರಿಗೆ ಗೊತ್ತಿರಲಿಲ್ಲ. ಅತ್ತೆ ಶಟ್ಟೆವ್ವ ತೊಂಬತ್ತರ ಹತ್ತಿರ ಬದುಕಿದಳು. ಕೀಲಿಕೈ ಗೊಂಚಲು ಸೊಂಟದಲ್ಲಿ, ಮಲಗಿದಾಗಲೂ. ಕಡೆಗೆ ಹೆಣಕ್ಕೆ ನೀರು ಹಾಕುವಾಗ ಓಣಿಯ ಹೆಂಗಸರು ಅದನ್ನು ಬಿಚ್ಚಿ ರಾಚವ್ವನ ಕೈಗೆ ಕೊಟ್ಟಿದ್ದರು. ತೊಯ್ದ ಗೊಂಚಲನ್ನು ಮೊದಲು ಸೊಂಟಕ್ಕೆ ಸಿಕ್ಕಿಸಿಕೊಂಡು ಆಮೇಲೆ ಅವಳು ಅಳಲು ಶುರು ಮಾಡಿದ್ದಳು. ಆಗ ಅವಳಿಗೆ ಐವತ್ತು ದಾಟಿತ್ತು, ಗಂಡ ತೀರಿಕೊಂಡಿದ್ದ. ಶಾಲು ಬಂತು. ರಾಚವ್ವ ಪೂರ್ತಿ ಏಳಲೂ ಇಲ್ಲ, ಕೂಡಲೂ ಇಲ್ಲ. ಶಾಲು ಅವಳ ಹೆಗಲಿನ ಬದಲು ಕುರ್ಚಿಯ ಬೆನ್ನಿಗೆ ಬಿತ್ತು, ಫೋಟೋದವನು ಇನ್ನೊಮ್ಮೆ ಹೊದಿಸಿ ಎಂದ.

ಹೊರಗೆ ಪಡಸಾಲೆಯಲ್ಲಿ ದವಾಖಾನೆಯವರು ಟೇಬಲ್ ಹಾಕಿಕೊಂಡು ಮಕ್ಕಳ ತೂಕ ನೋಡುತ್ತಿದ್ದರು. ಅಜ್ಜಿ ಮೊಮ್ಮಗಳು ಕೂಡಿ ಒಂದು ಫೋಟೋ ಆಗಲಿ ಎಂದು ಅಧಿಕಾರಿಯೇ ಭಾಗ್ಯಾಳ ಕಂಕುಳಿಂದ ಮಧುವನ್ನು ಎತ್ತಿಕೊಂಡರು. ತುಂಬಿದೆ ಎಂದುಕೊಂಡು ಖಾಲಿ ಕೊಡ ಎತ್ತಿದವರ ಕೈ ಹೇಗೆ ಸರಕ್ಕನೆ ಮೇಲೆ ಹೋಗುತ್ತದೋ ಹಾಗೆ ಅವರ ಕೈ ಮೇಲೆ ಹೋಯಿತು. ಅವರು ನಗುತ್ತಿದ್ದರು, ನಗುವುದನ್ನು ನಿಲ್ಲಿಸಲು ಸ್ವಲ್ಪ ಹೊತ್ತು ಹಿಡಿಯಿತು. ಟೇಬಲ್ಲಿನಲ್ಲಿ ಕೂತಿದ್ದ ಶಬನಮ್ ಎಂಬ ನರ್ಸು ಮಗುವಿನ ತೋಳಿಗೆ ದಪ್ಪ ಅಳೆಯುವ ಮೂರು ಬಣ್ಣದ ಪಟ್ಟಿಯೊಂದನ್ನು ಸುತ್ತಿದಳು. ಹಸಿರು ಬರಲಿಲ್ಲ, ಹಳದಿ ಬರಲಿಲ್ಲ. ಬಿಚ್ಚಿ ಮತ್ತೆ ಸುತ್ತಿದಳು. ಕೆಂಪೇ ಬಂತು. ಫೋಟೋದವನು ಆಗಲೂ ಫೋಟೋ ತೆಗೆಯುತ್ತಲೇ ಇದ್ದ, ಅಧಿಕಾರಿ ಸಾಕು ಎಂದು ಕೈ ಮಾಡಿದರು. ದಿನಾ ಕೂಸಿಗೆ ಏನೇನು ಉಣಿಸುತ್ತೀರಿ ಎಂದು ನರ್ಸು ಭಾಗ್ಯಾಳನ್ನು ಕೇಳಿದಳು. ಭಾಗ್ಯಾ ಅತ್ತೆಯ ಮುಖ ನೋಡಿದಳು. ಅದು ರೂಢಿ, ಅದರಲ್ಲಿ ವಿಶೇಷವೇನಿರಲಿಲ್ಲ; ರಾಚವ್ವ ಹೇಳತೊಡಗಿದಳು. ಹಾಲು ಕೊಡುತ್ತೇವೆ, ಗಟ್ಟಿ ಹಾಲಿಗೆ ಕಫ ಆಗುತ್ತದೆಂದು ನೀರು ಬೆರೆಸಿ. ಚಹಾದಲ್ಲಿ ಅದ್ದಿದ ಬಿಸ್ಕೀಟು, ಸ್ವಂತ ಅಂಗಡಿಯಿದೆ, ಅದಕ್ಕೇನೂ ಕೊರತೆಯಿಲ್ಲ. ಮೆತ್ತನ್ನ ಅನ್ನ. ಬೇಳೆ ವಾಯು, ಕೊಡುವುದಿಲ್ಲ. ಬಾಳೆಹಣ್ಣು ಥಂಡಿ. ಅಂಗನವಾಡಿಯವರು ತತ್ತಿ ಕೊಡಲು ಬಂದಿದ್ದರು, ನಮ್ಮಲ್ಲಿ ಅದು ನಡೆಯುವುದಿಲ್ಲ ಎಂದು ತಿರುಗಿ ಕಳಿಸಿದೆ. ಭೇದಿಯಾದಾಗ ಹೊಟ್ಟೆ ಖಾಲಿ ಬಿಡುತ್ತೇವೆ. ಹೇಳುತ್ತಾ ಹೋದಂತೆ ಕೊಡುವುದಕ್ಕಿಂತ ಕೊಡದಿರುವುದೇ ಹೆಚ್ಚಾಗಿದೆ ಎಂಬುದು ಅವಳ ಕಿವಿಗೇ ಬಿದ್ದು, ಮಾತು ತಾನಾಗಿ ನಿಧಾನವಾಯಿತು.

"ಅಜ್ಜಿ, ನಾ ಅವರನ್ನ ಕೇಳಾಕತ್ತೇನ್ರಿ," ಅಂದಳು ಶಬನಮ್. ದನಿಯಲ್ಲಿ ಸಿಟ್ಟಿರಲಿಲ್ಲ.

ಅತ್ತೆ ಹೇಳಿದ್ದೆಲ್ಲ ಖರೆ ಎಂದಳು ಭಾಗ್ಯಾ. ದೂರಿದ್ದರೆ ರಾಚವ್ವನಿಗೆ ಒಂದು ದಾರಿ ಇರುತ್ತಿತ್ತು. ಎದೆಹಾಲು ಸಾಲಲಿಲ್ಲ, ತಾಯಿಯೇ ಬಡಕಲು, ತವರಿನ ಹಾಗೆ ಹುಟ್ಟಿದೆ, ಇವೆಲ್ಲ ನಾಲಿಗೆಯ ತುದಿಯಲ್ಲಿ ತಯಾರಿದ್ದವು. ಖರೆ ಅಂದವಳನ್ನು ಏನೆಂದು ಬೈಯುವುದು? ತಾಲೂಕು ದವಾಖಾನೆಯಲ್ಲಿ ಇಂಥ ಕೂಸುಗಳನ್ನು ತಾಯಿಯ ಜೊತೆಗೇ ಇಟ್ಟುಕೊಂಡು ಉಣಿಸುವ ವಾರ್ಡಿದೆ, ಎರಡು ವಾರವಾದರೂ ಇರಬೇಕಾಗುತ್ತದೆ, ಇವತ್ತೇ ಸೇರಿಸಿದರೆ ಒಳ್ಳೆಯದು, ಮುಂದೊಂದು ಭೇದಿಯೋ ಜ್ವರವೋ ಬಂದರೆ ಈ ಮೈ ತಡೆಯುವುದಿಲ್ಲ ಎಂದು ನರ್ಸು ವಿವರಿಸಿದಳು. ರಾಚವ್ವ ಶಾಲನ್ನು ಮಡಚುತ್ತಾ ಹೇಳಿದಳು, "ಮನ್ಯಾಗ ಕೇಳಿ ಹೇಳತೇವಿ."

"ಯಾರನ್ನ ಕೇಳಬೇಕ್ರಿ?"

ನರ್ಸು ಕುಹಕಕ್ಕೆ ಕೇಳಿದ್ದಲ್ಲ. ಫೋನು ಮಾಡಿ ಕೇಳುವುದಾದರೆ ತಾನೇ ಮಾತಾಡುತ್ತೇನೆಂದು ಫೋನು ಕೈಗೆತ್ತಿಕೊಂಡಿದ್ದಳು. ಅಧಿಕಾರಿ ಬ್ಯಾಗಿನಲ್ಲಿ ಏನನ್ನೋ ಹುಡುಕತೊಡಗಿದರು. ಅನ್ವರಬಿ ತನ್ನ ಚಪ್ಪಲಿ ನೋಡಿಕೊಂಡಳು.

ಬಸ್‌ಸ್ಟ್ಯಾಂಡಿನ ದಾರಿಯಲ್ಲಿ ರಾಚವ್ವ ಎಲ್ಲರಿಗಿಂತ ಮುಂದೆ ನಡೆದಳು. ಮನೆಯಲ್ಲಿ ಕೇಳಿ ಹೇಳುತ್ತೇವೆ ಎಂಬುದು ತನ್ನ ಮಾತಲ್ಲ, ಶಟ್ಟೆವ್ವನ ಮಾತು, ಅದು ತನ್ನ ಬಾಯಿಯಲ್ಲಿ ಯಾವಾಗ ಬಂದು ಕೂತಿತೋ. ಮಗ ವಿರೂಪಾಕ್ಷ ಮೂರು ವರ್ಷದವನಿದ್ದಾಗ ಕೆಂಡದಂಥ ಜ್ವರ ಬಂದು ಕುತ್ತಿಗೆ ಸೆಟೆದುಕೊಂಡಿತ್ತು. ಅವನನ್ನು ಸೆರಗಿನಲ್ಲಿ ಸುತ್ತಿಕೊಂಡು ಬಾಗಿಲ ತನಕ ಬಂದಿದ್ದಳು. ಗಂಡಸರು ಬರಲಿ, ಮನೆಯಲ್ಲಿ ಕೇಳಿ ಆಮೇಲೆ ಹೋಗುವುದು ಎಂದು ಶಟ್ಟೆವ್ವ ಹೊಸ್ತಿಲಿನ ಮೇಲೆ ಕೂತಳು. ಮಾವ ಎತ್ತು ನೋಡಲು ರಾಮದುರ್ಗಕ್ಕೆ ಹೋಗಿದ್ದ, ಗಂಡ ಅವನ ಹಿಂದೆ. ಎತ್ತು ಮನಸ್ಸಿಗೆ ಬಂದಿರಲಿಲ್ಲವಂತೆ, ಸುರೇಬಾನದಲ್ಲಿ ಇನ್ನೊಂದು ಜೋಡಿ ಇದೆಯೆಂದು ಅಲ್ಲಿಗೂ ಹೋಗಿ ಮೂರನೆಯ ದಿನ ಬಂದರು. ಬೈಲಹೊಂಗಲದ ಡಾಕ್ಟರು ಜೀವ ಉಳಿಸಿದರು. ಎಡಗಿವಿ ಹೋಯಿತು. ಅದು ಹುಟ್ಟಾ ಹಾಗೆಯೇ ಎಂದು ಮನೆಯಲ್ಲಿ ಎಲ್ಲರೂ ಹೇಳಿ ಹೇಳಿ, ಇವಳೂ ಹೇಳಿ, ಈಗ ವಿರೂಪಾಕ್ಷನೂ ಹಾಗೆಯೇ ನಂಬಿದ್ದಾನೆ. ಭಾಗ್ಯಾಳನ್ನು ನೋಡಲು ಹೋದಾಗ ಅವನ ಬಲಗಿವಿ ಹೆಣ್ಣಿನ ಕಡೆಗೆ ಬರುವಂತೆ ಚಾಪೆಯ ಮೇಲೆ ಜಾಗ ಹಿಡಿದು ಕೂರಿಸಿದವಳು ರಾಚವ್ವ. ಆ ಹೊಸ್ತಿಲಿನ ಮೇಲೆ ಕೂತ ಅತ್ತೆಯನ್ನು ದಾಟಿ ಹೋಗಬಹುದಿತ್ತಲ್ಲ ಎಂದು ಎಷ್ಟೋ ವರ್ಷ ಅನ್ನಿಸುತ್ತಿತ್ತು. ಮುದುಕಿ ಅಡ್ಡ ಕೂತಿದ್ದಳು, ಅಷ್ಟೇ; ಏನು ಮಾಡುತ್ತಿದ್ದಳು? ಈಗ ಬಿಸಿಲಿನಲ್ಲಿ ನಡೆಯುತ್ತಾ ಅವಳಿಗೆ ಬೇರೊಂದು ಹೊಳೆಯಿತು. ಆ ದಿನ ಶಟ್ಟೆವ್ವನೂ ಹೆದರಿದ್ದಳು. ಹೋದ ಮೇಲೆ ಕೂಸಿಗೆ ಏನಾದರೂ ಆದರೆ ಯಾರ ತಲೆಯ ಮೇಲೆ ಬರುತ್ತದೆ ಎಂದು ಹೆದರಿಯೇ ಹೊಸ್ತಿಲು ಹಿಡಿದಿದ್ದಳು. ಈ ಹೊಳಹು ರಾಚವ್ವನಿಗೆ ಬೇಕಾಗಿರಲಿಲ್ಲ.

ಉಗರಗೋಳದ ಬಸ್ಸು ನಿಂತಿತ್ತು. ರಾಚವ್ವ ನುಗ್ಗಿ ಹತ್ತಿ ಕಿಟಕಿಯ ಹತ್ತಿರ ಕೂತು, ಪಕ್ಕದ ಜಾಗದ ಮೇಲೆ ಶಾಲು ಹಾಕಿ ಭಾಗ್ಯಾಳಿಗೆಂದು ಸೀಟು ಹಿಡಿದಳು. ಅನ್ವರಬಿ ಹತ್ತಿದಳು, ಇನ್ನೂ ಯಾರು ಯಾರೋ ಹತ್ತಿದರು, ಭಾಗ್ಯಾ ಹತ್ತಲಿಲ್ಲ. ಕಿಟಕಿಯ ಕೆಳಗೆ ಬಂದು ನಿಂತಳು. ಮಗು ಅವಳ ಹೆಗಲ ಮೇಲೆ ಎಚ್ಚರವಾಗಿಯೇ ಕಣ್ಣು ಅರ್ಧ ಮುಚ್ಚಿಕೊಂಡಿತ್ತು.

"ಅತ್ತಿ, ನಾ ದವಾಖಾನಿಗೆ ಹೊಂಟೇನ್ರಿ."

ಕೇಳುವ ದನಿಯಲ್ಲ ಅದು. ಒಲೆಯ ಮೇಲಿನ ಹಾಲು ಉಕ್ಕಿತು ಎಂದು ತಿಳಿಸುವಾಗ ಹೇಗೆ ಹೇಳುತ್ತಾಳೋ ಹಾಗೆ ಹೇಳಿದ್ದಳು. ರಾಚವ್ವ ಸಾವಕಾಶವಾಗಿಯೇ ಹೇಳಿದಳು: ಮೈಮೇಲಿನ ಬಟ್ಟೆಯಲ್ಲೇ ಹೋಗುವುದೆಂದರೇನು, ಮನೆಗೆ ಹೋಗಿ ಅರಿವೆ ಅಂಚಡಿ ತೆಗೆದುಕೊಂಡು, ಅವನಿಗೊಂದು ಮಾತು ಹೇಳಿ, ನಾಳೆ ನಾಡಿದ್ದು ಬಂದರಾಯಿತು.

"ಮನಿಗೆ ಹೋದ್ರ ನನಗ ಮತ್ತ ಬರೂದ ಆಗೂದಿಲ್ರಿ," ಅಂದಳು ಭಾಗ್ಯಾ.

ಡ್ರೈವರು ಎಂಜಿನ್ ಚಾಲೂ ಮಾಡಿದ. ಆ ಹೊತ್ತಿನಲ್ಲಿ ತಾನು ಯೋಚಿಸಿದ್ದು ಸೀಟಿನ ಬಗ್ಗೆ ಎಂಬುದನ್ನು ರಾಚವ್ವ ಆಮೇಲೆ ಎಷ್ಟು ಸಲ ನೆನೆದರೂ ಬದಲಾಯಿಸಲಾಗಲಿಲ್ಲ. ಎದ್ದರೆ ಸೀಟು ಹೋಗುತ್ತದೆ. ಇಳಿದು ಹೋಗಿ ಸೊಸೆಯ ರಟ್ಟೆ ಹಿಡಿದು ಎಳೆತಂದರೆ ಇಬ್ಬರೂ ಊರ ತನಕ ನಿಂತೇ ಹೋಗಬೇಕಾಗುತ್ತದೆ. ಹೀಗೆ ಲೆಕ್ಕ ಹಾಕುತ್ತಿದ್ದಾಗ ಬಸ್ಸು ಹೊರಟಿತು. ಭಾಗ್ಯಾ ಬಸ್ಸು ತಿರುಗುವ ತನಕ ನಿಲ್ಲಲೂ ಇಲ್ಲ. ಅನ್ವರಬಿ ಶಾಲನ್ನು ಎತ್ತಿ ರಾಚವ್ವನ ತೊಡೆಯ ಮೇಲಿಟ್ಟು ಪಕ್ಕದಲ್ಲಿ ಕೂತಳು.

ದೇವಿಯ ಗುಡ್ಡಕ್ಕೆ ಹೋಗುವ ರಸ್ತೆಯ ಬದಿಯ ಅಂಗಡಿಯಲ್ಲಿ ವಿರೂಪಾಕ್ಷ ಕಾಯಿ ಕರ್ಪೂರ ಭಂಡಾರಗಳನ್ನು ಬುಟ್ಟಿಗಳಿಗೆ ತುಂಬಿಸಿ ಇಡುತ್ತಿದ್ದ. ತಾಯಿ ಒಬ್ಬಳೇ ಬಂದದ್ದು ನೋಡಿ ಭಾಗ್ಯಾ ಎಲ್ಲಿ ಎಂದ. ರಾಚವ್ವ ಹೇಳಿದಳು: ದವಾಖಾನೆಯಲ್ಲಿ, ಕೂಸಿಗೆ ಶಕ್ತಿಯಿಲ್ಲವಂತೆ, ಎರಡು ವಾರ ಇಟ್ಟುಕೊಳ್ಳುತ್ತಾರಂತೆ. ಅವನ ಮುಖ ಮೊದಲು ಗಾಬರಿಯಾಯಿತು, ಆಮೇಲೆ ಗಾಬರಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಸಿಟ್ಟಾಯಿತು. ಎರಡು ವಾರ ಅಂದರೆ ಏನು, ಅಂಗಡಿ ಮನೆ ಯಾರು ನೋಡುವವರು, ಮಂದಿ ಏನಂದಾರು. "ಯಾರನ್ನ ಕೇಳಿ ಹೋದ್ಲಕಿ?" ಎನ್ನುತ್ತಾ ಗೂಟದಿಂದ ಬೈಕಿನ ಚಾವಿ ತೆಗೆದುಕೊಂಡು, ಹೊತ್ತು ಮುಳುಗುವುದರೊಳಗೆ ಕರೆತರುತ್ತೇನೆ ಎಂದ. ಅವನು ಕೆಟ್ಟವನಲ್ಲ. ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ. ಯಾವುದನ್ನೇ ಆದರೂ ಯವ್ವ ಹೇಳಿದಂತೆ ಅನ್ನುವವನು, ಹಾಗಾಗಿ ಮಗುವಿಗೆ ಏನು ಬೇಕು ಎಂದು ಅವನು ಇದುವರೆಗೆ ಯೋಚಿಸುವ ಪ್ರಸಂಗವೇ ಬಂದಿರಲಿಲ್ಲ. ಅವನ ಎಡಕ್ಕೆ ನಿಂತಿದ್ದ ರಾಚವ್ವ ಮೆಲ್ಲಗೆ ಏನೋ ಅಂದಳು. ಅವನಿಗೆ ಕೇಳಿಸಲಿಲ್ಲ. ಒಮ್ಮೆ ಅಂದದ್ದನ್ನು ತಿರುಗಿ ನುಂಗಿಬಿಡಲು ಅವಕಾಶವಿತ್ತು, ಎಡಗಿವಿಯ ಉಪಕಾರದಿಂದ. ಅವಳು ಸುತ್ತಿ ಬಂದು ಬಲಕ್ಕೆ ನಿಂತು, ಬೇಕಾದುದಕ್ಕಿಂತ ಜೋರಾಗಿ ಹೇಳಿದಳು.

"ನಾನ ಕಳಸೇನಿ. ಚಾವಿ ಇಡು."

ಹಸಿರು ಬಳೆ ಆರಿಸುತ್ತಿದ್ದ ಹೆಂಗಸೊಬ್ಬಳು ತಿರುಗಿ ನೋಡಿದಳು. ವಿರೂಪಾಕ್ಷ ಚಾವಿಯನ್ನು ಗೂಟಕ್ಕೆ ಸಿಕ್ಕಿಸಿ ಕೂತ. ನೀನೇ ಕಳಿಸಿದ್ದರೆ ಸರಿ ಬಿಡು ಎಂದ. ಅವನು ನಂಬಿದ್ದು ಎಷ್ಟು ಸಲೀಸಾಗಿತ್ತೆಂದರೆ ರಾಚವ್ವನಿಗೆ ಒಂದು ಬಗೆಯ ಅವಮಾನವಾಯಿತು. ಸೊಸೆಯನ್ನು ಉಳಿಸಲು ಸುಳ್ಳು ಹೇಳಿದೆನೋ, ಶಾಲನ್ನು ಉಳಿಸಿಕೊಳ್ಳಲೋ ಎಂದು ರೊಟ್ಟಿ ಬಡಿಯುತ್ತಾ ಯೋಚಿಸಿದಳು. ಬಹಳ ದಿನಗಳ ಮೇಲೆ ಬಡಿಯುತ್ತಿದ್ದಳು, ರೊಟ್ಟಿ ಅಂಚು ಒಡೆಯುತ್ತಿತ್ತು.

ಮರುದಿನ ಭಾಗ್ಯಾಳ ಸೀರೆ, ಮಗುವಿನ ಅಂಗಿ, ಡಬ್ಬಿಯಲ್ಲಿ ರವೆಗಂಜಿ, ಅಂಗಡಿಯ ಬಿಸ್ಕೀಟು ತೆಗೆದುಕೊಂಡು ಹೊರಟಳು. ಹೆಂಗಸರಿಗೆ ಬಸ್ಸು ಪುಕ್ಕಟೆ, ಆದರೂ ಕಂಡಕ್ಟರು ಟಿಕೆಟು ಹರಿದು ಕೊಡುವಾಗ ಯಾಕೆ ಹೊರಟೆ ಎಂದು ಕೇಳಿದಂತೆ ಅನ್ನಿಸಿತು. ವಾರ್ಡಿನ ಬಾಗಿಲಲ್ಲಿ ಶಬನಮ್ ಅರಿವೆ ಇಸಿದುಕೊಂಡಳು, ಗಂಜಿ ಬಿಸ್ಕೀಟು ತಿರುಗಿ ಕೊಟ್ಟಳು. ಕೂಸಿಗೆ ಹೊರಗಿನದು ಇಲ್ಲ, ಒಳಗೆ ತಾಯಂದಿರು ಮಾತ್ರ, ನೀವು ಬೇಕಾದರೆ ಬೆಂಚಿನ ಮೇಲೆ ಕೂಡಬಹುದು. ಬೆಂಚಿನ ಎದುರಿಗೆ ಕಿಟಕಿಯಿತ್ತು. ಭಾಗ್ಯಾ ಕಾಟಿನ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಉಣ್ಣುತ್ತಿದ್ದಳು. ಹಾಡಹಗಲು, ಹನ್ನೆರಡರ ಹೊತ್ತಿಗೆ, ತಟ್ಟೆಯ ತುಂಬ. ರಾಚವ್ವ ಬೆಂಚಿನ ಮೇಲೆ ಅಲ್ಲಾಡದೆ ಕೂತಳು. ಮದುವೆಯಾಗಿ ಬಂದ ಮೇಲೆ ಈ ಹುಡುಗಿ ಉಣ್ಣುವುದನ್ನು ತಾನು ಕಂಡೇ ಇರಲಿಲ್ಲ. ಎಲ್ಲರದ್ದೂ ಆದ ಮೇಲೆ ಒಲೆಯ ಕಡೆ ಮುಖ ಮಾಡಿ ಕೂತಾಗ ಬೆನ್ನು ಕಾಣುತ್ತಿತ್ತು, ಅಷ್ಟೇ. ದೊಡ್ಡ ದೊಡ್ಡ ತುತ್ತು ತೆಗೆದುಕೊಳ್ಳುತ್ತಾಳೆ. ನಡುವೆ ಬೆರಳು ನೆಕ್ಕುತ್ತಾಳೆ. ಅವಳ ಪಕ್ಕದಲ್ಲಿ ಮಧು ಸುಲಿದ ತತ್ತಿಯೊಂದನ್ನು ಎರಡೂ ಕೈಯಲ್ಲಿ ಹಿಡಿದು, ಅದರೊಂದಿಗೆ ಏನು ಮಾಡಬೇಕೆಂದು ತಿಳಿಯದೆ, ಗದ್ದದ ತುಂಬ ಹಳದಿ ಮಾಡಿಕೊಂಡು ಕೂತಿತ್ತು. ರಾಚವ್ವ ಮುಖ ತಿರುಗಿಸಿದಳು. ತಿರುಗಿಸಿದ ಕಡೆ ಗೋಡೆಯಿತ್ತು. ಗೋಡೆಯನ್ನು ಎಷ್ಟು ಹೊತ್ತು ನೋಡಲಾಗುತ್ತದೆ? ಮತ್ತೆ ಕಿಟಕಿಯನ್ನೇ ನೋಡಿದಳು.

ಭಾಗ್ಯಾ ಹೊರಗೆ ಬಂದು, ಮಧು ತತ್ತಿ ತಿಂದಳು ಎಂದಳು. ಮುಚ್ಚಿಡಲಿಲ್ಲ. ಉಗುಳಲಿಲ್ಲವೇ ಎಂದು ರಾಚವ್ವ ಕೇಳಿದಳು. ಇಲ್ಲ, ಇನ್ನೊಂದಕ್ಕೆ ಕೈ ಮಾಡಿದಳು, ದಿನಕ್ಕೆ ಒಂದೇ ಎಂದು ನರ್ಸಬಾಯಿ ಹೇಳಿದರು. ಗಂಡ ಏನಂದ ಎಂದು ಭಾಗ್ಯಾ ಕೇಳಿದಾಗ, ನಾನೇ ಕಳಿಸಿದೆ ಎಂದು ಹೇಳಿದ್ದೇನೆ ಎಂದಳು ರಾಚವ್ವ. ಭಾಗ್ಯಾ ಹೂಂ ಅಂದಳು. ಉಪಕಾರವಾಯಿತು ಎಂದೇನೂ ಅನ್ನಲಿಲ್ಲ. ಬಸ್ಸಿನಲ್ಲಿ ತಿರುಗಿ ಹೋಗುವಾಗ ಗಂಜಿಯನ್ನು ರಾಚವ್ವನೇ ಕುಡಿದಳು, ಸಪ್ಪಗಿತ್ತು, ತೆಳ್ಳಗಿತ್ತು.

ದಿನಾ ಹೋದಳು. ಬೆಂಚಿನ ಮೇಲೆ ಕೂತು ಬಂದಳು. ವಿರೂಪಾಕ್ಷನೂ ಒಂದು ದಿನ ಬಂದು, ಮಗುವನ್ನು ಹೇಗೆ ಎತ್ತಿಕೊಳ್ಳಬೇಕೆಂದು ಹೊಸಬನಂತೆ ಕೇಳಿ, ಎತ್ತಿಕೊಂಡು, ಅಂಗಡಿ ತೆರೆಯಬೇಕೆಂದು ಹೋದ. ಒಂದು ವಾರ ಕಳೆದ ಮೇಲೆ ರಾಚವ್ವ ಮೆಟ್ಟಿಲು ಹತ್ತುವಾಗಲೇ ಒಳಗಿನಿಂದ ಯಾವುದೋ ಕೂಸು ಕಿರುಚುವುದು ಕೇಳಿಸಿತು. ದವಾಖಾನೆಯ ಗೋಡೆ ಹಾರಿಸುವಂಥ ಅಳು. ಯಾರದೋ ಹಟಮಾರಿ ಕೂಸು ಎಂದುಕೊಂಡು ಕಿಟಕಿಯಲ್ಲಿ ನೋಡಿದರೆ ಮಧು. ಬಟ್ಟಲು ಬೇಗ ಕೊಡಲಿಲ್ಲವೆಂದು ಕಾಲು ಬಡಿಯುತ್ತಿತ್ತು. ಶಾಂತವಾಗಿದ್ದ ಕೂಸಿಗೆ ಏನು ಮಾಡಿದಿರಿ ಎಂದು ಅವಳು ಗಾಬರಿಯಿಂದ ಶಬನಮ್‌ಳನ್ನು ಕೇಳಿದಳು. "ಅಳಾಕ ಶಕ್ತಿ ಬೇಕಲ್ರಿ ಅಜ್ಜಿ," ಅಂದಳು ಶಬನಮ್, "ಈಗ ಬಂದೈತಿ." ಸಣ್ಣಗೆ ಹೇಳಿ ತನ್ನ ಕೆಲಸಕ್ಕೆ ಹೋದಳು. ರಾಚವ್ವ ಬೆಂಚಿನ ಮೇಲೆ ಕೂತು ಅಳು ಕೇಳಿದಳು. ಶಾಂತ ಕೂಸು, ಶಾಂತ ಕೂಸು ಎಂದು ಊರ ತುಂಬ ಹೇಳಿಕೊಂಡು ಬಂದಿದ್ದಳು. ಅಂಗಡಿಗೆ ಬಂದ ಪರಸ್ಥಳದ ಭಕ್ತರಿಗೂ ಹೇಳಿದ್ದಳು. ಅವರಲ್ಲಿ ಯಾರಾದರೂ ಡಾಕ್ಟರಿದ್ದರೆ ಏನು ತಿಳಿದುಕೊಂಡರೋ.

ಮಗು ಉಂಡು ಮಲಗಿದ ಮೇಲೆ ಭಾಗ್ಯಾ ಹೊರಗೆ ಬಂದು ಬೆಂಚಿನ ಇನ್ನೊಂದು ತುದಿಗೆ ಕೂತಳು. ಅತ್ತೆಯ ಸಮಕ್ಕೆ ಕೂತದ್ದು ಅದೇ ಮೊದಲು. ಗಮನಿಸಿದರೂ ಗಮನಿಸದಂತೆ ಇರಲು ರಾಚವ್ವನಿಗೆ ಕಷ್ಟವಾಯಿತು. ತಾನು ಕೇಳಬೇಕೆಂದಿದ್ದುದು ಬೇರೆ ಏನೋ. ಅದು ದೊಡ್ಡದಾಗಿತ್ತು, ಬಾಯಿಗೆ ಬರಲಿಲ್ಲ. ಬಂದದ್ದು ಇಷ್ಟೇ.

"ನಿನಗ ಏನರ ತರಲಿ?"

ಭಾಗ್ಯಾ ಹಿಂದೆ ತಿರುಗಿ ನೋಡಿದಳು, ಬೇರೆ ಯಾರನ್ನಾದರೂ ಕೇಳಿದ್ದಿರಬಹುದೆಂಬಂತೆ. ಆಮೇಲೆ ಕೂಸಿಗೇನೂ ಬೇಡ, ಇಲ್ಲೇ ಎಲ್ಲ ಕೊಡುತ್ತಾರೆ ಎಂದಳು. ಕೂಸಿಗಲ್ಲ, ನಿನಗೆ, ಎಂದಳು ರಾಚವ್ವ. ಅದಕ್ಕೆ ಅವಳು ಬಹಳ ಹೊತ್ತು ತೆಗೆದುಕೊಂಡಳು. ತನಗೆ ಏನು ಸೇರುತ್ತದೆ ಎಂಬುದನ್ನು ಎಲ್ಲಿಯೋ ದೂರದಲ್ಲಿ ಇಟ್ಟು ಮರೆತವರಂತೆ ಹುಡುಕುತ್ತಿದ್ದಳು. ರಾಚವ್ವ ಕಾದಳು.

"ಬಸ್‌ಸ್ಟ್ಯಾಂಡ್ ಬಾಜೂಕ ಮಿರ್ಚಿ ಕರೀತಾರಲ್ರಿ," ಅಂದಳು ಭಾಗ್ಯಾ. "ಅವು."

ಕರಿದದ್ದು, ಖಾರದ್ದು, ಎದೆಹಾಲು ಕುಡಿಸುವವಳು ತಿಂದರೆ ಉಷ್ಣ, ಕೂಸಿಗೆ ಭೇದಿ, ಗಂಟಲು, ಕೆಮ್ಮು. ಇಡೀ ಸಾಲು ರಾಚವ್ವನ ಗಂಟಲ ತನಕ ಬಂದು ನಿಂತಿತು. ಇದರಲ್ಲಿ ಯಾವುದಾದರೂ ಒಂದು ಖರೆಯೂ ಇರಬಹುದು, ನರ್ಸನ್ನು ಕೇಳಬೇಕು. ಅವಳು ಕೆಮ್ಮಿ ಗಂಟಲು ಸರಿ ಮಾಡಿಕೊಂಡಳು.

"ಎಷ್ಟ ತರಲಿ?"

"ನಾಕ," ಅಂದಳು ಭಾಗ್ಯಾ. ಆಮೇಲೆ, "ನೀವೂ ತಿನ್ನೂದಿದ್ರ ಆರ ತರ್ರಿ."

ರಾಚವ್ವ ಎದ್ದು ಮೆಟ್ಟಿಲಿಳಿದಳು. ಮಿರ್ಚಿಯವನ ಗಾಡಿಯ ಮುಂದೆ ಗಂಡಸರ ಗುಂಪಿತ್ತು. ಅವಳು ಸೆರಗು ಸರಿ ಮಾಡಿಕೊಂಡು, ಅವರ ನಡುವೆಯೇ ದಾರಿ ಮಾಡಿಕೊಂಡು ಹೋಗಿ ಆರು ಎಂದಳು.